ಎಲ್ಲವೂ ‘ಅರ್ಜೆಂಟ್’ ಆದಾಗ: ಬೇಡಿಕೆ ಪಟ್ಟಿಯ ದೋಷ ಹುಡುಕುವ ಕ್ರಮ

ಮೈಸೂರಿನಲ್ಲಿ ಎಂಟು ಜನರ ಒಂದು ಸಣ್ಣ ಕಚೇರಿ ನಮ್ಮದು. ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಬೆಳಗ್ಗೆ, ಸಂಜೆ ಹಾಲಿನ ತೂಕ ಹಿಡಿದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಓದಿಕೊಂಡು, ಚೀಟಿ ಕೊಟ್ಟು, ಬಟವಾಡೆ ಲೆಕ್ಕ ಕಟ್ಟುವ ಪ್ರೋಗ್ರಾಂ ಅದು. ಮಂಡ್ಯ ಜಿಲ್ಲೆಯ ಡೇರಿಗಳಲ್ಲಿ ಹಾಕಿದ ಮೊದಲ ವರ್ಷ ಪ್ರೋಗ್ರಾಂ ಚೆನ್ನಾಗಿಯೇ ಓಡಿತು. ಕೆಟ್ಟು ಕೂತದ್ದು, ಮುಂದೆ ಯಾವುದನ್ನು ಮೊದಲು ಮಾಡಬೇಕು ಎಂಬ ಪಟ್ಟಿ. ಅದರಲ್ಲಿದ್ದ 74 ಬೇಡಿಕೆಗಳ ಪೈಕಿ 61ರ ಮುಂದೆ ‘ಅರ್ಜೆಂಟ್’ ಎಂದು ಬರೆದಿತ್ತು. ಕಾರ್ಯದರ್ಶಿಗಳು ಒಂದು ಕೇಳಿದರೆ, ಲೆಕ್ಕ ಪರಿಶೋಧಕರು ಅದಕ್ಕೆ ತದ್ವಿರುದ್ಧವಾದದ್ದನ್ನು ಕೇಳುತ್ತಿದ್ದರು. ಮೇಲಿನ ಒಕ್ಕೂಟದವರಿಗೆ ಮೂರನೆಯದು ಬೇಕಿತ್ತು. ಹಾಲು ಹಾಕುವವರನ್ನು ಯಾರೂ ಕೇಳಿರಲಿಲ್ಲ.

ಆ ಪಟ್ಟಿಯನ್ನು ಸರಿಮಾಡಲು ನಾನು ಮೂರು ತಿಂಗಳು ತಪ್ಪು ಜಾಗದಲ್ಲಿ ಹುಡುಕಿದೆ. ಅದೇ ಕೆಲಸಕ್ಕೆ ಕೂತಿರುವವರಿಗೆ ಆ ಮೂರು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಪಂಪ್‌ಸೆಟ್ ಓಡದಿದ್ದರೆ ಮೆಕ್ಯಾನಿಕ್ ಬಂದ ತಕ್ಷಣ ಮೋಟಾರು ಬಿಚ್ಚುವುದಿಲ್ಲ. ಮೂರು ಫೇಸ್ ಬರುತ್ತಿದೆಯೇ, ಫ್ಯೂಸ್ ಹೋಗಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ ಎಂದು ಹೊರಗಿನಿಂದ ಒಳಕ್ಕೆ ನೋಡುತ್ತಾ ಬರುತ್ತಾನೆ. ವೈಂಡಿಂಗ್ ನೋಡುವುದು ಕಟ್ಟಕಡೆಗೆ. ಆದ್ಯತೆಯ ಪಟ್ಟಿ ಕೆಟ್ಟಾಗ ನಮ್ಮ ಕಸುಬಿನವರು ಮಾತ್ರ ನೇರವಾಗಿ ವೈಂಡಿಂಗಿಗೆ ಕೈ ಹಾಕುತ್ತೇವೆ, ಅಂದರೆ ಅಂಕ ಕೊಡುವ ಸೂತ್ರವನ್ನು ಬದಲಾಯಿಸುತ್ತೇವೆ. ನಾನು ನೋಡಿದ ಮಟ್ಟಿಗೆ ದೋಷ ಅಲ್ಲಿರುವುದು ಅಪರೂಪ. ಹಾಗಾಗಿ ಈ ಕೈಪಿಡಿಯಲ್ಲಿ ಸೂತ್ರದ ಮಾತು ಕೊನೆಯ ಕಡೆಗೆ ಬರುತ್ತದೆ.

ಲಕ್ಷಣ ಯಾವುದು, ಜಾಗ ಯಾವುದು

ಪಟ್ಟಿ ಕೆಟ್ಟಿದೆ ಎಂಬುದಕ್ಕೆ ಲಕ್ಷಣಗಳು ನಾಲ್ಕು. ಮೊದಲ ಮೂರು ಬೇರೆ ಬೇರೆ ಜಾಗವನ್ನು ತೋರಿಸುತ್ತವೆ, ನಾಲ್ಕನೆಯದು ಮೂರನೆಯದರ ಜಾಗವನ್ನೇ.

ಮುಕ್ಕಾಲು ಪಾಲು ಬೇಡಿಕೆಗಳು ಮೇಲಿನ ದರ್ಜೆಯಲ್ಲೇ ಕೂತಿದ್ದರೆ ಜನ ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ಅವರಿಗೆ ಭಯ. ‘ಮುಂದಿನ ಸಲ ನೋಡೋಣ’ ಎಂದರೆ ಯಾವತ್ತೂ ಇಲ್ಲ ಎಂದೇ ಅರ್ಥ ಎನ್ನುವುದನ್ನು ಅನುಭವ ಅವರಿಗೆ ಕಲಿಸಿದೆ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂಬ ಮಾತಿನ ಮೇಲೆ ನಂಬಿಕೆ ಇದ್ದರೆ ರೈತ ತನ್ನ ಸರದಿಗೆ ಕಾಯುತ್ತಾನೆ. ಮುಂದಿನ ಕಟ್ಟಿಗೆ ನೀರು ಬರುತ್ತದೋ ಇಲ್ಲವೋ ಎಂಬ ಅನುಮಾನ ಬಂದ ದಿನ ಸಿಕ್ಕಷ್ಟನ್ನೂ ಗದ್ದೆಗೆ ತಿರುಗಿಸಿಕೊಳ್ಳುತ್ತಾನೆ. ಇಂಥ ಪಟ್ಟಿಗೆ ಮದ್ದು, ಪ್ರೋಗ್ರಾಂನ ಹೊಸ ಆವೃತ್ತಿಯ ಬಿಡುಗಡೆಗೆ ನಂಬಬಹುದಾದ ತಾರೀಖು. ನಾವು ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ ನಿಲ್ಲಿಸಿ ಆರು ವಾರಕ್ಕೊಂದು ಸಣ್ಣ ಬಿಡುಗಡೆ ಶುರು ಮಾಡಿದೆವು. ಮೂರನೆಯ ಬಿಡುಗಡೆಯೂ ಹೇಳಿದ ದಿನಕ್ಕೇ ಹೋದ ಮೇಲೆ, ಯಾರೂ ಕೇಳದಿದ್ದರೂ, ಕಾರ್ಯದರ್ಶಿಗಳು ತಾವಾಗಿಯೇ ಕೆಲವು ‘ಅರ್ಜೆಂಟ್’ಗಳನ್ನು ಕೆಳಗಿಳಿಸಿದರು.

ಯಾರ ಫೋನು ಕೊನೆಗೆ ಬಂತೋ ಅವರ ಬೇಡಿಕೆ ಮೇಲೇರುತ್ತಿದ್ದರೆ, ತೀರ್ಮಾನ ಯಾರದು ಎಂಬುದು ಇತ್ಯರ್ಥವಾಗಿಲ್ಲ. ಮೇಲಿದ್ದದ್ದನ್ನು ಕಷ್ಟಪಟ್ಟು ಮಾಡಿಕೊಟ್ಟರೂ ಯಾರೂ ಬಳಸುತ್ತಿಲ್ಲ ಎಂದಾದರೆ, ಬರೆದುಕೊಂಡದ್ದು ಬೇಡಿಕೆ. ಅಗತ್ಯ ಬೇರೆಯೇ ಇದೆ. ಮುಗಿಯಿತು ಎಂದುಕೊಂಡ ಬೇಡಿಕೆ ಬೇರೆ ಹೆಸರಿನಲ್ಲಿ ಮತ್ತೆ ಬಂದರೂ ಕಾರಣ ಅದೇ. ನಮ್ಮ ಪಟ್ಟಿಯಲ್ಲಿ ‘ಹೊಸ ವರದಿ’ ಎಂಬುದು ಐದು ಹೆಸರುಗಳಲ್ಲಿ ಬಂದಿತ್ತು.

ಪಟ್ಟಿಗೆ ಸೇರದವುಗಳನ್ನು ಮೊದಲು ಹೊರಗೆ ಹಾಕಿ

ಪಟ್ಟಿಯ ಒಂದು ಪ್ರತಿ ತೆಗೆದಿಟ್ಟು, ಎರಡು ವಾರ ಹೊಸದೇನನ್ನೂ ಸೇರಿಸದೆ ನಿಲ್ಲಿಸಿ. ಆಮೇಲೆ, ಆದ್ಯತೆಯ ಪ್ರಶ್ನೆಯೇ ಏಳದ ಸಾಲುಗಳನ್ನು ಆರಿಸಿ ತೆಗೆಯಿರಿ.

ಒಂದು, ಕೆಟ್ಟಿರುವುದು. ‘ಎಸ್‌ಎನ್‌ಎಫ್ ಏರುಪೇರು ಬರುತ್ತಿದೆ, ಸರಾಸರಿ ತೋರಿಸುವ ವರದಿ ಬೇಕು’ ಎಂದು ಒಂದು ಡೇರಿಯವರು ಬರೆದಿದ್ದರು. ಹೋಗಿ ನೋಡಿದರೆ ಹಾಲು ಪರೀಕ್ಷಿಸುವ ಯಂತ್ರವನ್ನು ದಿನದ ಕೊನೆಗೆ ತೊಳೆಯುತ್ತಿರಲಿಲ್ಲ. ಸ್ಯಾಂಪಲ್‌ನಲ್ಲಿ ನೊರೆ ಇದ್ದರೂ ಹಾಗೆಯೇ ಇಡುತ್ತಿದ್ದರು. ಶಬ್ದತರಂಗದಿಂದ ಓದುವ ಯಂತ್ರಕ್ಕೆ ಗಾಳಿಗುಳ್ಳೆ ಸಿಕ್ಕರೆ ಓದು ತಪ್ಪುತ್ತದೆ. ಅದಕ್ಕೆ ಬೇಕಿದ್ದದ್ದು ವರದಿಯಲ್ಲ, ಬಿಸಿನೀರು. ನಮ್ಮ ಪ್ರೋಗ್ರಾಂನದೇ ತಪ್ಪಾಗಿದ್ದರೂ ಅಷ್ಟೆ, ಅದು ದುರಸ್ತಿಯ ಪುಸ್ತಕಕ್ಕೆ ಹೋಗಬೇಕು. ಹೊಸ ಸೌಲಭ್ಯದ ಜೊತೆ ಅದನ್ನು ಪೈಪೋಟಿಗೆ ಇಳಿಸಬಾರದು.

ಎರಡು, ಬಿಡುವಂತೆಯೇ ಇಲ್ಲದ್ದು. ಹಾಲಿನ ದರ ಪಟ್ಟಿ ಇಂಥ ತಾರೀಖಿನಿಂದ ಬದಲು ಎಂದು ಆದೇಶ ಬಂದರೆ ಆ ತಾರೀಖಿಗೆ ಆಗಲೇಬೇಕು. ಅದಕ್ಕೆ ಅಂಕ ಕೊಡುತ್ತಾ ಕೂರುವುದು ವ್ಯರ್ಥ. ಅಂಥವನ್ನು ಕ್ಯಾಲೆಂಡರಿಗೆ ಬರೆದುಕೊಂಡು, ಉಳಿದ ದಿನಗಳಲ್ಲಿ ಏನು ಸಾಧ್ಯ ಎಂದು ನೋಡಬೇಕು.

ಈ ಎರಡನ್ನು ತೆಗೆದಾಗಲೇ ನಮ್ಮ 74 ಇಳಿದು 49 ಆಯಿತು. ಜಗಳ ಮಾತ್ರ ಕಡಿಮೆಯಾಗಲಿಲ್ಲ.

ಬೇಡಿಕೆಯನ್ನು ಎತ್ತಿ ಅದರ ಕೆಳಗೇನಿದೆ ನೋಡಿ

ನಮ್ಮ ದೋಷ ಸಿಕ್ಕಿದ್ದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪಟ್ಟಿಯ 12ನೇ ಸಾಲು ಕಾರ್ಯದರ್ಶಿಗಳದು: ‘ಹೊಡೆದ ಎಂಟ್ರಿ ತಿದ್ದಲು ಅವಕಾಶ ಬೇಕು.’ 31ನೇ ಸಾಲು ಲೆಕ್ಕ ಪರಿಶೋಧಕರದು: ‘ಒಮ್ಮೆ ಹೊಡೆದ ಎಂಟ್ರಿಯನ್ನು ಯಾರೂ ಮುಟ್ಟುವಂತಿರಬಾರದು.’ 40ನೇ ಸಾಲು ಒಕ್ಕೂಟದ ಕಡೆಯಿಂದ ಬಂದದ್ದು: ‘ಹಾಲು ಹಾಕಿದ ತಕ್ಷಣ ಸದಸ್ಯರ ಮೊಬೈಲಿಗೆ ಮೆಸೇಜ್ ಹೋಗಬೇಕು.’ ಮೂರಕ್ಕೂ ‘ಅರ್ಜೆಂಟ್’. ಮೊದಲೆರಡು ಒಂದಕ್ಕೊಂದು ಎದುರು. ನಾವು ಅಂಕ ಹಾಕಿ ಕೂಡಿದೆವು, 31 ಗೆದ್ದಿತು. ಎಂಟ್ರಿಗೆ ಬೀಗ ಬಿತ್ತು. ಎರಡು ಬಟವಾಡೆ ಕಳೆಯುವಷ್ಟರಲ್ಲಿ ದೂರುಗಳು ಮೊದಲಿಗಿಂತ ಹೆಚ್ಚಾದವು.

ಕೊನೆಗೆ ಪಾಂಡವಪುರ ತಾಲ್ಲೂಕಿನ ಒಂದು ಡೇರಿಯಲ್ಲಿ ಬೆಳಗ್ಗೆ ಆರಕ್ಕೆ ಮೊದಲೇ ಹೋಗಿ ನಿಂತೆ. ಮಾಗಿ ಚಳಿ. ಬಾಗಿಲ ಹೊರಗೆ ಸ್ಟೀಲ್ ಕ್ಯಾನುಗಳ ಸಾಲು. ಒಳಗೆ ಕಾರ್ಯದರ್ಶಿ ಒಬ್ಬರೇ. ಒಂದು ಕೈಯಲ್ಲಿ ಹಾಲು ತಟ್ಟೆಗೆ ಸುರಿದು, ಇನ್ನೊಂದು ಕೈಯಲ್ಲಿ ನಂಬರ್ ಒತ್ತುತ್ತಿದ್ದರು. ಸಾಲಿನಲ್ಲಿದ್ದವರು ನಂಬರ್ ಕೂಗುತ್ತಾರೆ, ಇವರು ಒತ್ತುತ್ತಾರೆ, ತೂಕ ಬರುತ್ತದೆ, ಪರೀಕ್ಷೆ ಯಂತ್ರ ಗುಂಯ್ ಎನ್ನುತ್ತದೆ, ಚೀಟಿ ಹೊರಗೆ ಬರುತ್ತದೆ. ಕಂಪ್ಯೂಟರಿನ ಪರದೆ ತಿರುಗಿದ್ದು ಕಾರ್ಯದರ್ಶಿಯ ಕಡೆಗೆ. ಹಾಲು ತಂದವರಿಗೆ ಕಾಣುವುದು ತಕ್ಕಡಿಯ ಕೆಂಪು ಅಂಕಿ ಒಂದೇ.

ನನ್ನ ಕಣ್ಣೆದುರೇ ನಲವತ್ತೇಳು ಎಂದದ್ದು ಎಪ್ಪತ್ನಾಲ್ಕು ಆಯಿತು. ಕೂಗಿದ ಹುಡುಗ ಪಕ್ಕದ ಮನೆಯವರ ಹಾಲನ್ನೂ ತಂದಿದ್ದ. ಒಂದೇ ಉಸಿರಿನಲ್ಲಿ ಎರಡು ನಂಬರ್ ಹೇಳಿ ಚೀಟಿಗಳನ್ನು ಕಿಸೆಗೆ ತುರುಕಿಕೊಂಡು ಸೈಕಲ್ ಹತ್ತಿದ. ಕಾರ್ಯದರ್ಶಿಗೆ ಅದು ಗೊತ್ತಾದದ್ದು ಐದಾರು ಜನ ದಾಟಿದ ಮೇಲೆ.

“ಈಗ ಏನ್ ಮಾಡ್ತೀರಿ?” ಎಂದು ಕೇಳಿದೆ.

“ಏನ್ ಮಾಡದು ಮೇಡಂ, ತಿದ್ದಕ್ಕೆ ನೀವು ಬುಡಲ್ವಲ್ಲ. ಇವತ್ತಿನ ಎರಡೂವರೆ ಲೀಟ್ರ ನಾಳಿಕ್ಕೆ ಸೇರ್ಸಿ ಹೊಡಿತೀನಿ. ಆ ಎಪ್ಪತ್ನಾಕ್ರೋರ್ಗೆ ನಾಳೆ ಕಮ್ಮಿ ಹೊಡಿತೀನಿ. ಇಲ್ಲಿ ಬರ್ಕಂಡಿರ್ತೀನಿ ನೋಡಿ.”

ತೋರಿಸಿದ್ದು ನೂರು ಪುಟದ ಒಂದು ನೋಟ್ ಪುಸ್ತಕ. ಅದರ ತುಂಬ ಇಂಥ ಕೂಡು-ಕಳೆ. ಅದನ್ನು ಓದುತ್ತಾ ಹೋದಂತೆ ಎದೆ ಧಸಕ್ಕೆಂದಿತು. ಲೆಕ್ಕದಲ್ಲಿ ಸುಳ್ಳು ನುಸುಳಬಾರದೆಂದು ನಾವು ಬೀಗ ಹಾಕಿದ್ದೆವು. ಆ ಬೀಗದಿಂದಲೇ ಪ್ರತಿದಿನ ಎರಡೆರಡು ಸುಳ್ಳು ಸಾಲುಗಳು ಹುಟ್ಟುತ್ತಿದ್ದವು, ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲದ ಒಬ್ಬ ಪ್ರಾಮಾಣಿಕ ಮನುಷ್ಯನ ಕೈಯಿಂದ. ಲೆಕ್ಕ ಪರಿಶೋಧಕರು ಯಾವುದಕ್ಕೆ ಹೆದರಿ ಬೀಗ ಕೇಳಿದ್ದರೋ ಅದೇ ನಡೆಯುತ್ತಿತ್ತು.

ಹಾಲು ಹಾಕಿ ಗೋಡೆಗೊರಗಿ ನಿಂತಿದ್ದ ಒಬ್ಬ ಅಜ್ಜಿ ತಮ್ಮ ಚೀಟಿಯನ್ನು ನೋಡದೆಯೇ ಎಲಡಿಕೆ ಚೀಲಕ್ಕೆ ಹಾಕಿಕೊಂಡರು. “ಅಜ್ಜಿ, ಚೀಟೀಲಿ ಸರಿಯಾಗಿ ಬಂದಿದ್ಯಾ ನೋಡಲ್ವಾ?” ಎಂದೆ.

“ಓದಕ್ ಬಂದ್ರಲ್ವಾ ನೋಡಾದು? ಸಂಜೆಗೆ ಮೊಮ್ಮಗ ಬಂದು ಹೇಳ್ತನೆ. ಆಗ ತಪ್ಪಾಗಿದ್ರೆ ಯಾರ್ ಕೇಳ್ತರೆ ಕಣವ್ವ? ನಂಬರ್ ಗಿಂಬರ್ ನಂಗೊತ್ತಿಲ್ಲ, ನನ್ ಹೆಸ್ರು ಕೂಗುದ್ರೆ ಗೊತ್ತಾಯ್ತದೆ.”

74 ಸಾಲುಗಳಲ್ಲಿ ಎಲ್ಲೂ ಇಲ್ಲದ ಅಗತ್ಯವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ತಪ್ಪು ಹುಟ್ಟುವುದು ನಂಬರ್ ಒತ್ತುವ ಕ್ಷಣದಲ್ಲಿ. ಹಿಡಿಯಬೇಕಾದದ್ದೂ ಆ ಕ್ಷಣದಲ್ಲೇ, ಹಾಲಿನ ಒಡೆಯರು ಇನ್ನೂ ಎದುರಿಗೆ ನಿಂತಿರುವಾಗ. ನಾವು ಮಾಡಿದ್ದು ಇಷ್ಟು: ನಂಬರ್ ಒತ್ತಿದೊಡನೆ ಒಂದು ಪುಟ್ಟ ಸ್ಪೀಕರ್ ಸದಸ್ಯರ ಹೆಸರು ಹೇಳುತ್ತದೆ. ಆಯಾ ಡೇರಿಯ ಕಾರ್ಯದರ್ಶಿಯೇ ಒಂದು ಸಂಜೆ ಕೂತು ತಮ್ಮ ದನಿಯಲ್ಲಿ ಎಲ್ಲರ ಹೆಸರು ಹೇಳಿ ತುಂಬಿಸಿದರು, ಊರವರು ಕರೆಯುವ ರೀತಿಯಲ್ಲೇ. ಹೆಸರು ತಪ್ಪಾಗಿ ಕೇಳಿಸಿದರೆ ಸಾಲಿನಲ್ಲಿರುವವರೇ ‘ಅಲ್ಲ ಅಲ್ಲ’ ಎನ್ನುತ್ತಾರೆ, ತೂಕ ದಾಖಲಾಗುವ ಮೊದಲೇ. ಇಷ್ಟಾದರೂ ತಪ್ಪಿದರೆ ಆ ಹೊತ್ತಿನ ಹಾಲು ಮುಗಿಯುವವರೆಗೆ ತಿದ್ದಬಹುದು. ಹಳೆಯ ಸಾಲು ಅಳಿಯುವುದಿಲ್ಲ, ಅಡ್ಡಗೆರೆ ಬೀಳುತ್ತದೆ, ಅದರ ಕೆಳಗೆ ಹೊಸ ಸಾಲು ಕಾರಣ ಸಮೇತ ಬರುತ್ತದೆ. ಹೊತ್ತು ಮುಗಿಸಿದರೆ ಬೀಗ. ಲೆಕ್ಕ ಪರಿಶೋಧಕರಿಗೆ ಇದನ್ನು ತೋರಿಸಿದಾಗ, “ಹಳೇ ರಿಜಿಸ್ಟರ್‌ನಲ್ಲಿ ಇದೇ ಪದ್ಧತಿ ಇತ್ತಲ್ಲ, ಗೀಟು ಹಾಕಿ ಸಹಿ ಮಾಡೋದು” ಎಂದರು. 12 ಮತ್ತು 31 ಎದುರಾಳಿಗಳು ಎಂದು ನಾವೇ ತಿಳಿದಿದ್ದೆವು. ಅವೆರಡೂ ಒಂದೇ ಗಾಯದ ಎರಡು ಕಡೆ.

ಅಲ್ಲಿಂದ ಪ್ರತಿ ಸಾಲಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕೊನೆಯ ಸಲ ಈ ತೊಂದರೆ ಆದದ್ದು ಯಾವತ್ತು, ಆವತ್ತು ಏನು ಮಾಡಿದಿರಿ? ‘ನಿನ್ನೆ ಬೆಳಗ್ಗೆ’ ಎಂದು ಹೇಳಿ ನೋಟ್ ಪುಸ್ತಕ ತೆಗೆದು ತೋರಿಸುವವರ ತೊಂದರೆ ಬೇರೆ. ‘ಮುಂದೆ ಬೇಕಾಗಬಹುದು’ ಎನ್ನುವವರದು ಬೇರೆ. ಈ ಪ್ರಶ್ನೆಯೊಂದಕ್ಕೇ ನಮ್ಮ 49ರಲ್ಲಿ ಹದಿನಾಲ್ಕು ಸಾಲುಗಳು ಸದ್ದಿಲ್ಲದೆ ಕೆಳಕ್ಕೆ ಹೋದವು. ಜನ ತಮ್ಮ ಸಂಕಟವನ್ನು ಹೇಳುವುದಕ್ಕಿಂತ ತಾವು ಊಹಿಸಿಕೊಂಡ ಪರಿಹಾರವನ್ನು ಹೇಳುವುದು ಹೆಚ್ಚು. ಅದು ಅವರ ತಪ್ಪಲ್ಲ, ನಾವು ಕೊಡುವ ಅರ್ಜಿ ನಮೂನೆಯಲ್ಲಿ ‘ಏನು ಬೇಕು’ ಎಂಬ ಖಾನೆ ಮಾತ್ರ ಇರುತ್ತದೆ. ‘ಈಗ ಹೇಗೆ ಸುಧಾರಿಸುತ್ತಿದ್ದೀರಿ’ ಎಂಬ ಖಾನೆಯೊಂದನ್ನು ಸೇರಿಸಿ ನೋಡಿ.

ಕಡೇ ಭಾಗದವರನ್ನು ಎಣಿಸಿ

ನಾಲೆಯ ತೂಬಿನ ಹತ್ತಿರ ಇರುವವರಿಗೆ ನೀರು ಸಿಗುವುದು ಸುಲಭ. ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದ ರೈತರು ನೀರು ಬಂದಿಲ್ಲವೆಂದು ರಸ್ತೆಗಿಳಿದ ಸುದ್ದಿ ಮಂಡ್ಯದವರಿಗೆ ಹೊಸದಲ್ಲ. ನಾಲೆಗೆ ನೀರು ಕೊಡುವ ಕನ್ನಂಬಾಡಿ ಕಟ್ಟೆ ಅದರ ಪೂರ್ಣ ಮಟ್ಟವಾದ 124.80 ಅಡಿ ತುಂಬಿದ ವರ್ಷವೂ ಆ ದೂರು ಇರುತ್ತದೆ. ಬೇಡಿಕೆ ಪಟ್ಟಿಗೂ ತೂಬು, ಕೊನೇ ಭಾಗ ಎರಡೂ ಇವೆ. ನಮ್ಮ ಫೋನ್ ನಂಬರ್ ಇದ್ದವರು ತೂಬಿನ ಹತ್ತಿರದವರು.

1997ರಲ್ಲಿ ಮಿಚೆಲ್, ಆಗ್ಲ್ ಮತ್ತು ವುಡ್ ಎಂಬ ಮೂವರು ಸಂಶೋಧಕರು ಸಂಬಂಧಪಟ್ಟವರನ್ನು ಅಳೆಯಲು ಮೂರು ಗುಣ ಹೇಳಿದರು: ಬಲ, ನ್ಯಾಯವಾದ ಹಕ್ಕು, ತುರ್ತು. ನಿಮ್ಮ ಪಟ್ಟಿಯ ಜನರ ಹೆಸರು ಬರೆದು ಈ ಮೂರನ್ನು ಗುರುತು ಹಾಕಿ. ಹಕ್ಕೂ ಇದೆ, ತುರ್ತೂ ಇದೆ, ಬಲ ಮಾತ್ರ ಇಲ್ಲ ಎನ್ನುವವರು ಸಿಕ್ಕರೆ ಅವರ ಅಗತ್ಯ ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಅಥವಾ ಬೇರೆಯವರ ಬಾಯಲ್ಲಿ ಬೇರೆ ರೂಪ ತಾಳಿ ಬಂದಿರುತ್ತದೆ. ಅಜ್ಜಿಯ ಅಗತ್ಯ ‘ಮೊಬೈಲ್ ಮೆಸೇಜ್’ ಆಗಿ ಬಂದದ್ದು ಹಾಗೆ. ಅವರ ಹತ್ತಿರ ಮೊಬೈಲೇ ಇರಲಿಲ್ಲ.

ಕೇಳಿದರೂ ಹೇಳದ ಅಗತ್ಯಗಳು ಇನ್ನೊಂದು ಬಗೆ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಇದನ್ನು ವಿಂಗಡಿಸಿ ತೋರಿಸಿದರು. ಕೆಲವು ಗುಣಗಳು ಹೆಚ್ಚಿದಷ್ಟೂ ಜನರಿಗೆ ತೃಪ್ತಿ. ಕೆಲವು ಇದ್ದರೆ ಸಂತೋಷ, ಇಲ್ಲದಿದ್ದರೆ ಕೊರತೆ ಅನಿಸುವುದಿಲ್ಲ. ಇನ್ನು ಕೆಲವು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ, ಇಲ್ಲದಿದ್ದರೆ ಮಾತ್ರ ಕೋಪ ನೆತ್ತಿಗೇರುತ್ತದೆ. ಕರೆಂಟು ಹೋದಾಗ ಅಳೆದ ಹಾಲಿನ ಲೆಕ್ಕ ಕಳೆದುಹೋಗಬಾರದು ಎಂಬುದು ಈ ಮೂರನೆಯ ಬಗೆ. ಯಾರೂ ಅದನ್ನು ಬೇಡಿಕೆಯಾಗಿ ಬರೆಯಲಿಲ್ಲ, ಬರೆಯಬೇಕು ಎಂದು ಅವರಿಗೆ ಹೊಳೆಯುವುದೂ ಇಲ್ಲ. ಬೇಡಿಕೆಗಳ ಓಟು ಎಣಿಸಿ ಆದ್ಯತೆ ಕಟ್ಟುವವರು ಇಂಥದ್ದನ್ನು ಕಳೆದುಕೊಂಡೇ ತೀರುತ್ತಾರೆ. ಇದನ್ನು ಹಿಡಿಯಲು ನನಗೆ ತಿಳಿದಿರುವ ದಾರಿ, ಕೆಲಸ ನಡೆಯುವ ಜಾಗದಲ್ಲಿ ಒಂದು ಪೂರ್ತಿ ಹೊತ್ತು ನಿಂತು ನೋಡುವುದು. ಸಾಧ್ಯವಾದರೆ ಕರೆಂಟು ಇಲ್ಲದ ದಿನ.

ತೀರ್ಮಾನ ಯಾರದು

ಎಲ್ಲರನ್ನೂ ಕೂರಿಸಿ ಬಹುಮತದಿಂದ ತೀರ್ಮಾನಿಸೋಣ ಎಂದು ಹೊರಟರೆ ಒಂದು ಕಡೆ ಸಿಕ್ಕಿಬೀಳುತ್ತೀರಿ, ಎಲ್ಲರೂ ಪ್ರಾಮಾಣಿಕವಾಗಿದ್ದರೂ. ಕಾರ್ಯದರ್ಶಿಗೆ ಮೊದಲು ತಿದ್ದುವುದು, ಆಮೇಲೆ ವರದಿ, ಕೊನೆಗೆ ಮೆಸೇಜ್ ಎನ್ನಿ. ಲೆಕ್ಕ ಪರಿಶೋಧಕರಿಗೆ ವರದಿ, ಮೆಸೇಜ್, ತಿದ್ದುವುದು. ಸದಸ್ಯರಿಗೆ ಮೆಸೇಜ್, ತಿದ್ದುವುದು, ವರದಿ. ಈಗ ಎರಡೆರಡನ್ನು ಓಟಿಗೆ ಹಾಕಿ. ವರದಿಗಿಂತ ತಿದ್ದುವುದು ಮೇಲು ಎನ್ನುವವರು ಇಬ್ಬರು. ಮೆಸೇಜಿಗಿಂತ ವರದಿ ಮೇಲು ಎನ್ನುವವರೂ ಇಬ್ಬರು. ತಿದ್ದುವುದಕ್ಕಿಂತ ಮೆಸೇಜ್ ಮೇಲು ಎನ್ನುವವರೂ ಇಬ್ಬರೇ. ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಇದನ್ನು ಕಂಡಿದ್ದರು. 1951ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಇನ್ನೂ ಮುಂದೆ ಹೋಗಿ, ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಜನರ ಇಷ್ಟದ ಕ್ರಮಗಳನ್ನು ಒಟ್ಟುಗೂಡಿಸುವ ಯಾವ ನಿಯಮವೂ ನ್ಯಾಯದ ಕೆಲವು ಸಾಮಾನ್ಯ ಷರತ್ತುಗಳನ್ನು ಏಕಕಾಲಕ್ಕೆ ಪೂರೈಸಲಾರದು ಎಂದು ಸಾಧಿಸಿದರು. ಅಂದರೆ ಸಭೆ ಮುಗಿಯದಿದ್ದಕ್ಕೆ ಜನರ ಹಟವೇ ಕಾರಣವಾಗಿರಬೇಕೆಂದಿಲ್ಲ.

ಆದ್ದರಿಂದ ಕೇಳುವುದು ಎಲ್ಲರನ್ನೂ, ತೀರ್ಮಾನಿಸುವುದು ಒಬ್ಬರು. ಆ ಒಬ್ಬರ ಹೆಸರು ಪಟ್ಟಿಯ ತಲೆಯ ಮೇಲೆ ಬರೆದಿರಬೇಕು. ನಮ್ಮಲ್ಲಿ ಈಗ ಅದು ನನ್ನ ಹೆಸರು. ದುಡ್ಡು ಕೊಡುವವರಿಗೇ ಆ ಅಧಿಕಾರ ಸೇರಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಡುವವರು ಗಡಿ ಹಾಕಲಿ, ಇಷ್ಟು ಹಣ, ಇಷ್ಟು ದಿನ ಎಂದು. ಗಡಿಯೊಳಗಿನ ಕ್ರಮ, ಡೇರಿಯಲ್ಲಿ ನಿಂತು ನೋಡಿದವರ ಕೈಯಲ್ಲಿರಲಿ. ಪ್ರತಿ ತೀರ್ಮಾನದ ಪಕ್ಕ ಒಂದೇ ಸಾಲಿನಲ್ಲಿ ಕಾರಣ ಬರೆದು, ಬೇಡಿಕೆ ಹಿಂದಕ್ಕೆ ಹೋದವರಿಗೆ ಅದನ್ನು ನೇರವಾಗಿ ಹೇಳಬೇಕು. ‘ಆಗಲ್ಲ’ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡವರು ಇದ್ದಾರೆ, ಆದರೆ ಹೇಳದೆ ಸುಮ್ಮನಿದ್ದಾಗ ಆಗುತ್ತಿದ್ದ ಜಗಳ ಇದಕ್ಕಿಂತ ದೊಡ್ಡದಿತ್ತು.

ಈಗ ಅಂಕಗಳು

ಇಲ್ಲಿಯವರೆಗೆ ನೋಡಿಕೊಂಡು ಬಂದರೆ ಸೂತ್ರಕ್ಕೆ ಉಳಿಯುವ ಕೆಲಸ ಸಣ್ಣದು. ಆದರೂ ಅಲ್ಲೂ ಕೆಲವು ದೋಷಗಳು ಇರುತ್ತವೆ.

ಒಂದರಿಂದ ಐದರ ಅಂಕ ಕೊಟ್ಟು ಸರಾಸರಿ ತೆಗೆಯುವುದು ಅತಿ ಸಾಮಾನ್ಯ ತಪ್ಪು. ನಾಲ್ಕು ಎಂದರೆ ಎರಡರ ಇಮ್ಮಡಿ ಮುಖ್ಯ ಎಂದು ಯಾರೂ ಅಂದುಕೊಂಡು ಕೊಟ್ಟಿರುವುದಿಲ್ಲ. ಆ ಅಂಕಿ ಓಟದ ಪಂದ್ಯದ ಸ್ಥಾನದಂತೆ, ಕ್ರಮ ಮಾತ್ರ ಹೇಳುತ್ತದೆ. ಕೂಡಿ ಭಾಗಿಸಿದರೆ ಬರುವ 3.7ಕ್ಕೆ ಅರ್ಥವಿಲ್ಲ.

Must, Should, Could, Won't ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ‘ಮಾಸ್ಕೋ’ ಎಂದು ಕರೆಯುವ ವಿಂಗಡಣೆಯನ್ನು 1994ರಲ್ಲಿ ಒರಾಕಲ್‌ನಲ್ಲಿದ್ದ ಡೈ ಕ್ಲೆಗ್ ರೂಪಿಸಿದರು: ಆಗಲೇಬೇಕು, ಆಗಬೇಕು, ಆದರೆ ಒಳ್ಳೆಯದು, ಈ ಸಲ ಇಲ್ಲ. ಇದನ್ನು ಬಳಸುವವರು ಬಹಳ ಮಂದಿ, ಅದರ ಕಡಿವಾಣ ನೆನಪಿಟ್ಟವರು ಕಡಿಮೆ. ಈ ಪದ್ಧತಿಯನ್ನು ಬೆಳೆಸಿದ ಡಿಎಸ್‌ಡಿಎಂ ಎಂಬ ಸಾಫ್ಟ್‌ವೇರ್ ಯೋಜನೆಗಳ ಕಾರ್ಯವಿಧಾನ ಹೇಳುವಂತೆ ‘ಆಗಲೇಬೇಕು’ ಎಂಬುದರ ಪಾಲು ಒಟ್ಟು ಶ್ರಮದ 60 ಶೇಕಡಾ ದಾಟಬಾರದು, ‘ಆದರೆ ಒಳ್ಳೆಯದು’ ಎಂಬುದು ಸುಮಾರು 20 ಶೇಕಡಾ ಇರಬೇಕು. ಲೆಕ್ಕ ಶ್ರಮದ್ದು, ಸಾಲುಗಳ ಎಣಿಕೆಯದಲ್ಲ. ತಾತ್ಕಾಲಿಕವಾಗಿ ಬೇರೆ ಏನಾದರೂ ಮಾಡಿ ಸುಧಾರಿಸಬಹುದಾದರೆ ಅದು ‘ಆಗಲೇಬೇಕು’ ಅಲ್ಲ. ನಾನು ಕೇಳುವ ಪ್ರಶ್ನೆ: ಇದಿಲ್ಲದಿದ್ದರೆ ನಾಳೆ ಬೆಳಗ್ಗೆ ಡೇರಿ ಬಾಗಿಲು ತೆರೆಯಲು ಆಗುವುದಿಲ್ಲವೇ? ಹೌದು ಎನ್ನುವ ಧೈರ್ಯ ಬಹಳ ಕಡಿಮೆ ಬೇಡಿಕೆಗಳಿಗೆ ಇರುತ್ತದೆ.

ಎರಡೆರಡನ್ನು ಎದುರಿಟ್ಟು ಹೋಲಿಸುವ ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಕಟ್ಟಿದ ಕ್ರಮವನ್ನು ಕಾರ್ಲ್‌ಸನ್ ಮತ್ತು ರಯಾನ್ 1997ರಲ್ಲಿ ಸಾಫ್ಟ್‌ವೇರ್ ಅಗತ್ಯಗಳಿಗೆ ಅಳವಡಿಸಿ, ಪ್ರಯೋಜನವನ್ನೂ ವೆಚ್ಚವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅದರ ಇನ್ನೊಂದು ಗುಣ, ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದು ಅಂಕಿಯಲ್ಲೇ ಗೊತ್ತಾಗುತ್ತದೆ: ತಾಳೆ ತಪ್ಪಿದ್ದನ್ನು ಅಳೆಯುವ ಅನುಪಾತ 0.10 ದಾಟಿದರೆ ಮತ್ತೆ ಕೇಳಬೇಕು. ತೊಂದರೆಯೆಂದರೆ ಎಣಿಕೆ. 10 ಬೇಡಿಕೆಗೆ 45 ಹೋಲಿಕೆ, 20ಕ್ಕೆ 190, ನಮ್ಮ 74ಕ್ಕೆ 2,701. ಮೇಲಿನ ಹತ್ತು ಸಾಲುಗಳಲ್ಲಿ ಮಾತ್ರ ಗೊಂದಲ ಉಳಿದಾಗ ಇದನ್ನು ಬಳಸಿ.

ಪ್ರತಿಯೊಬ್ಬರಿಗೂ ನೂರು ಅಂಕ ಕೊಟ್ಟು ಹಂಚಲು ಹೇಳುವುದೂ ಒಂದು ವಿಧಾನ. ನಾವು ನೂರು ಹುಣಸೆ ಬೀಜ ಕೊಟ್ಟು ಮಾಡಿದೆವು. ಕೈಯಲ್ಲಿ ಬೀಜ ಇದ್ದರೆ ಜನ ಎಣಿಸಿ ಇಡುತ್ತಾರೆ, ಬಾಯಲ್ಲಿ ಹೇಳಿದ ಹಾಗೆ ಎಲ್ಲಕ್ಕೂ ‘ಅರ್ಜೆಂಟ್’ ಎನ್ನಲು ಆಗುವುದಿಲ್ಲ. ಒಂದೇ ಎಚ್ಚರ: ಎರಡನೆಯ ಸುತ್ತು ಮಾಡಬೇಡಿ. ಮೊದಲ ಸುತ್ತಿನ ಫಲಿತಾಂಶ ನೋಡಿದ ಮೇಲೆ, ಹೇಗೂ ಗೆಲ್ಲುವುದಕ್ಕೆ ಯಾಕೆ ಬೀಜ ಹಾಕಲಿ ಎಂದು ಎಲ್ಲವನ್ನೂ ತಮ್ಮದೊಂದಕ್ಕೇ ಸುರಿಯುತ್ತಾರೆ.

ಸಣ್ಣದಾಗಿ ಕಾಣುವ ಸಾಲು

ಪ್ರಯೋಜನ ಹೇಳುವವರು ಡೇರಿಯವರು, ವೆಚ್ಚ ಹೇಳಬೇಕಾದವರು ಪ್ರೋಗ್ರಾಂ ಬರೆಯುವವರು. ಎರಡನೆಯದನ್ನು ಊಹೆಯಲ್ಲಿ ಬಿಟ್ಟರೆ ಪಟ್ಟಿ ಮತ್ತೆ ಕೆಡುತ್ತದೆ. 40ನೇ ಸಾಲಿನ ಮೆಸೇಜ್ ಎರಡು ದಿನದ ಕೆಲಸದ ಹಾಗೆ ಕಂಡಿತ್ತು. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ಕಳುಹಿಸುವವರ ಹೆಸರನ್ನೂ ಮೆಸೇಜಿನ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಎಸ್‌ಎಂಎಸ್‌ಗೆ 160 ಸಂಕೇತ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಸ್ವರಚಿಹ್ನೆ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ: ‘ಮಂಡ್ಯ’ ಎಂದು ಬರೆದರೆ ಕಣ್ಣಿಗೆ ಎರಡಕ್ಷರ, ಯಂತ್ರಕ್ಕೆ ಐದು. ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಬರೆಯುವಷ್ಟರಲ್ಲಿ ಒಂದು ಮೆಸೇಜ್ ಎರಡಾಗುತ್ತದೆ, ದಿನಕ್ಕೆರಡು ಹೊತ್ತು, ಪ್ರತಿ ಸದಸ್ಯರಿಗೂ. ಆ ಖರ್ಚು ಸಂಘದ ತಲೆಯ ಮೇಲೆ ಬೀಳುತ್ತದೆ ಎಂದು ಗೊತ್ತಾದಾಗ ಅದನ್ನು ಕೇಳಿದ್ದವರೇ ಯೋಚನೆಗೆ ಬಿದ್ದರು.

ಒಂದರ ಮೇಲೊಂದು ನಿಂತ ಸಾಲುಗಳನ್ನೂ ಇದೇ ಹೊತ್ತಿನಲ್ಲಿ ಗೆರೆ ಎಳೆದು ಜೋಡಿಸಿಕೊಳ್ಳಿ. ಕೆಳಗಿನ ದರ್ಜೆಯ ಕೆಲಸದ ಮೇಲೆ ಮೇಲಿನ ದರ್ಜೆಯದು ನಿಂತಿದ್ದರೆ, ಕೆಳಗಿನದು ಮೊದಲು.

ರಿಪೇರಿ ಆಗಿದೆಯೇ

ಪಟ್ಟಿಯನ್ನೂ ಕಾರಣದ ಸಾಲುಗಳನ್ನೂ, ಸಭೆಯಲ್ಲಿ ಇಲ್ಲದ ಒಬ್ಬ ಸಹೋದ್ಯೋಗಿಗೆ ಕೊಟ್ಟು, ಹೊಸದಾಗಿ ಬಂದ ಒಂದು ಬೇಡಿಕೆಯನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿ. ನೀವೂ ಬೇರೆಯಾಗಿ ಇಡಿ. ಇಬ್ಬರದೂ ಒಂದೆರಡು ಸ್ಥಾನದ ಆಚೀಚೆ ಬಂದರೆ ಪಟ್ಟಿ ಸರಿಯಾಗಿದೆ. ದೂರ ದೂರ ಬಂದರೆ, ಕಾರಣಗಳು ಇನ್ನೂ ನಿಮ್ಮ ತಲೆಯಲ್ಲೇ ಇವೆ, ಕಾಗದಕ್ಕೆ ಇಳಿದಿಲ್ಲ.

ಎರಡು ಬಿಡುಗಡೆ ಆದ ಮೇಲೆ ಬಳಕೆ ನೋಡಿ. ನಾವು ಅಡ್ಡಗೆರೆ ಬಿದ್ದ ಸಾಲುಗಳನ್ನು ಎಣಿಸುತ್ತೇವೆ. ಪಾಂಡವಪುರದ ಆ ಡೇರಿಯಲ್ಲಿ ಹೆಸರು ಕೂಗುವ ಸ್ಪೀಕರ್ ಬಂದ ಮೇಲೆ, ತಿದ್ದುವ ಅವಕಾಶ ಇದ್ದರೂ ತಿದ್ದುವುದು ವಾರಕ್ಕೊಂದೆರಡಕ್ಕೆ ಇಳಿಯಿತು. ಮುಂದಿನ ಸಲ ಹೋದಾಗ ಕಾರ್ಯದರ್ಶಿಗಳ ನೋಟ್ ಪುಸ್ತಕದ ಕೊನೆಯ ಕೂಡು-ಕಳೆಗೆ ಎರಡು ತಿಂಗಳು ಹಿಂದಿನ ತಾರೀಖು ಇತ್ತು.

40ನೇ ಸಾಲು ಈಗ ನಮ್ಮ ಪಟ್ಟಿಯಲ್ಲಿ ಹನ್ನೊಂದನೆಯದು. ಪಕ್ಕದಲ್ಲಿ ಬರೆದಿರುವ ಕಾರಣ: ‘ಹೆಸರು ಕೂಗುವುದರಿಂದ ತಪ್ಪು ಅಲ್ಲೇ ಹಿಡಿಯುತ್ತಿದೆ, ಮೆಸೇಜ್ ಖರ್ಚು ಸಂಘಕ್ಕೆ ಹೊರೆ. ಬೇರೆ ಊರಿನಲ್ಲಿದ್ದು ಮನೆಯ ಹಾಲಿನ ಲೆಕ್ಕ ನೋಡಬೇಕೆನ್ನುವ ಮಕ್ಕಳು ಹೆಚ್ಚಾದರೆ ಮತ್ತೆ ತೆರೆಯುವುದು.’ ಹೋದ ವಾರ ಅಂಥ ಇಬ್ಬರು ಫೋನ್ ಮಾಡಿದ್ದರು. ಸ್ಥಾನ ಬದಲಾಯಿಸಿಲ್ಲ, ಅವರ ಊರು ಮತ್ತು ತಾರೀಖನ್ನು ಆ ಸಾಲಿನ ಕೆಳಗೆ ಬರೆದುಕೊಂಡಿದ್ದೇನೆ.